ಬಾವುಟ ಹೊಲಿಯಲೊಲ್ಲದ ಮಿಷನ್

ಮಿಷನ್ ಮತ್ತೆ ನಿಂತಿತು. ನೀಲಿ ಪಟ್ಟಿಗೆ ಬಿಳಿ ಪಟ್ಟಿ ಅರ್ಧ ಕೂಡಿತ್ತು. ಸೂಜಿ ಬಟ್ಟೆಯನ್ನು ಕಚ್ಚಿಕೊಂಡು ಕೂತಿತ್ತು. ಬಾವುಟದಕ್ಕ ಪೆಡಲಿನಿಂದ ಕಾಲು ತೆಗೆದು, ಚಕ್ರವನ್ನು ಕೈಯಲ್ಲೇ ತಿರುಗಿಸಿ ಸೂಜಿ ಎತ್ತಿದಳು. ಬೈಯಲಿಲ್ಲ. ಬೆಳಗಿನಿಂದ ಬೈದು ಬಾಯಿ ಸೋತಿತ್ತು.

ಶಾಲೆಗಳಿಗೆ ಬಾವುಟ, ಉಳಿದ ದಿನಗಳಲ್ಲಿ ದಿಂಬಿನ ಕವರ್ ಹೊಲಿದುಕೊಡುವ ಅಂಗಡಿ ಅದು. ಅತ್ತೆಯಿಂದ ಸೊಸೆಗೆ ಬಂದದ್ದು, ಜೊತೆಗೆ ಬಾವುಟದಕ್ಕ ಅನ್ನುವ ಹೆಸರೂ ಅಂಟಿಕೊಂಡಿತ್ತು. ಈ ಸಲ ಜಿಲ್ಲೆಯ ಎಲ್ಲ ಶಾಲೆಗಳ ಕೆಲಸವೂ ಸಿಕ್ಕಿತ್ತು. ಸಂಜೆ ಇಲಾಖೆಯ ಅಧಿಕಾರಿ ಬಂದು ನೋಡುವವರಿದ್ದರು. ಕೆಲಸ ಹೊತ್ತಿಗೆ ಮುಗಿಯುವ ಲಕ್ಷಣ ಕಾಣದಿದ್ದರೆ ಅದು ಬೇರೆಯವರ ಪಾಲು. ಹಾಗಾದರೆ ಈ ಮಿಷನ್ ನಂಬಿ ಹೊಸದಾಗಿ ಸೇರಿಸಿಕೊಂಡಿದ್ದ ಇಬ್ಬರು ಹೆಂಗಸರನ್ನು ಮನೆಗೆ ಕಳಿಸಬೇಕಾಗುತ್ತಿತ್ತು. ಆ ಇಬ್ಬರೂ ಆಗಲೇ ತಲೆ ಬಗ್ಗಿಸಿ, ಕತ್ತರಿಸಿದ ಬಟ್ಟೆಯನ್ನೇ ಮತ್ತೆ ಮತ್ತೆ ಜೋಡಿಸಿಡುತ್ತಿದ್ದರು.

"ನಾನು ಅವತ್ತೇ ಬಡ್ಕೊಂಡೆ ಅತ್ತಿಗೆ," ಅಂದ ಮೈದುನ. "ಆ ದೇಶದವರ ಮಿಷನ್ನು ಬೇಡ ಅಂತ."

ಪಕ್ಕದ ದೇಶಕ್ಕೂ ಇವರ ದೇಶಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಮಿಷನ್ನಿನ ಪಕ್ಕಕ್ಕೆ ಆ ದೇಶದ ಹೆಸರು ದಪ್ಪ ಅಕ್ಷರದಲ್ಲಿತ್ತು. ಜಿಲ್ಲೆಯ ಕೆಲಸ ಸಿಕ್ಕ ದಿನ ಮೈದುನ ಅದರ ಮೇಲೆ ತಮ್ಮ ದೇಶದ ಬಾವುಟದ ದೊಡ್ಡ ಸ್ಟಿಕ್ಕರ್ ಅಂಟಿಸಿ, ಅಂಗೈಯಿಂದ ಗುಳ್ಳೆ ಏಳದ ಹಾಗೆ ಸವರಿ, ಎರಡು ಹೆಜ್ಜೆ ಹಿಂದೆ ನಿಂತು ನೋಡಿದ್ದ. ಆಮೇಲೆ ಯಾರೂ ಆ ಪಕ್ಕಕ್ಕೆ ಕೈ ತಾಗಿಸುತ್ತಿರಲಿಲ್ಲ. ಬಾವುಟದ ಮೇಲೆ ಬಟ್ಟೆ ಒರಗಿಸುವುದು, ಮೊಣಕೈ ಊರುವುದು ಆ ಅಂಗಡಿಯಲ್ಲಿ ಸಲ್ಲದು. ಅತ್ತೆ ಹಾಕಿಕೊಟ್ಟ ಕಟ್ಟಳೆ ಅದು.

"ದಿಂಬಿನ ಕವರ್ ಹೊಲಿಯುವಾಗ ಒಂದು ದಿನ ನಿಂತಿತ್ತಾ? ನಮ್ಮ ಬಾವುಟ ಇಟ್ಟ ತಕ್ಷಣ ನಿಲ್ತದೆ. ಒಳಗೆ ಏನೋ ಇಟ್ಟೇ ಕಳಿಸಿದ್ದಾರೆ. ಈಗಿನ ಮಿಷನ್ನಿಗೆ ಬಣ್ಣ ಗುರುತು ಹಿಡಿಯೋದು ಯಾವ ದೊಡ್ಡ ಕೆಲಸ?"

ಮೂಲೆಯಲ್ಲಿ ಕೂತು ಬಾವುಟದ ಅಂಚಿಗೆ ಹುರಿ ಪೋಣಿಸುತ್ತಿದ್ದ ಅತ್ತೆ ಕನ್ನಡಕ ಇಳಿಸಿದರು. "ನಾನು ಸೊಸೆಯಾಗಿ ಬಂದಾಗ ಕೈಹೊಲಿಗೆ ಅಲ್ಲದ್ದು ಬಾವುಟವೇ ಅಲ್ಲ ಅಂತಿದ್ರು. ತುಳಿಯೋ ಮಿಷನ್ ಬಂದಾಗ ನಿಮ್ಮಪ್ಪ ಮೂರು ದಿನ ಅಂಗಡಿಗೆ ಕಾಲಿಡಲಿಲ್ಲ. ಈಗ ನೀನು ಅದೇ ತುಳಿಯೋ ಮಿಷನ್ನು ನಮ್ಮ ಪರಂಪರೆ ಅಂತ ಭಾಷಣ ಬಿಗೀತೀಯ. ನಾನು ಕೈಯಲ್ಲಿ ಹೊಲಿದ ಸೂಜಿ ಹಡಗಲ್ಲಿ ಬಂದದ್ದು ಕಣೋ."

"ಅಮ್ಮಾ, ಅದು ಬೇರೆ, ಇದು ಬೇರೆ."

"ಬೇರೆಯೇ. ಅದು ನಿಲ್ತಿರಲಿಲ್ಲ."

ಅಕ್ಕನಿಗೆ ಮೈದುನನ ಮಾತು ಪೂರ್ತಿ ಹುಚ್ಚೆನಿಸಲಿಲ್ಲ. ದಿಂಬಿನ ಕವರಿಗೆ ನಿಂತಿರಲಿಲ್ಲ ಅನ್ನುವುದು ನಿಜವೇ ತಾನೆ. ಅವಳು ವಾದಕ್ಕಿಳಿಯಲಿಲ್ಲ. ಮಿಷನ್ ಮತ್ತೆ ಓಡತೊಡಗಿದಾಗ ಬಾವುಟ ಬದಿಗಿಟ್ಟು, ಹಳೆಯ ದಿಂಬಿನ ಬಟ್ಟೆ ತಂದು ಹೊಲಿಯತೊಡಗಿದಳು. ಎಲ್ಲರೂ ಸುತ್ತ ನೆರೆದರು. ಸ್ವಲ್ಪ ಹೊತ್ತಿಗೆ ಮಿಷನ್ ದಿಂಬಿನ ಮೇಲೂ ನಿಂತಿತು.

"ದಿಂಬಿನ ಮೇಲೂ ಸೇಡೇನೋ?" ಅಂದರು ಅತ್ತೆ.

ಅಕ್ಕ ಫೋನ್ ತೆಗೆದು, ಮಿಷನ್ ಮಾರಿದವರು ಕೊಟ್ಟಿದ್ದ ಮೆಕ್ಯಾನಿಕ್ಕಿನ ನಂಬರಿಗೆ ವಿಡಿಯೋ ಕರೆ ಮಾಡಿದಳು. ಪಕ್ಕದ ದೇಶದವನು, ಗಡಿಯ ಸಂತೆಗಳಲ್ಲಿ ಓಡಾಡಿ ಇವರ ಮಾತು ಕಲಿತಿದ್ದ. ಬಾಯಲ್ಲಿ ತುತ್ತಿತ್ತು.

"ತಾನಾಗೇ ನಿಲ್ತದಾ? ಬಿಸಿ ಏರಿದರೆ ನಿಲ್ಲೋ ಹಾಗೆ ಮಾಡಿರೋದೇ ಅಕ್ಕಾ. ಪಕ್ಕಕ್ಕೆ ಕೈಯಿಟ್ಟು ನೋಡಿದಿರಾ?"

"ಅಲ್ಲಿ ಕೈ ಇಡಲ್ಲ ನಾವು."

"ಯಾಕೆ?"

ಅಕ್ಕ ಫೋನನ್ನು ಆ ಕಡೆ ತಿರುಗಿಸಿದಳು. ಅವನು ತುತ್ತು ನುಂಗಿ, ನಗು ತಡೆದುಕೊಂಡ. "ಹೆಸರಿನ ಸುತ್ತ ಸಣ್ಣ ಸಣ್ಣ ತೂತುಗಳಿದ್ದವಲ್ಲ, ಮೋಟರಿಗೆ ಗಾಳಿ ಹೋಗೋದು ಅಲ್ಲಿಂದಲೇ. ಅದರ ಮೂಗು ಮುಚ್ಚಿದ್ದೀರಿ."

ಮೈದುನ ಕೆಂಪಾದ. "ನಿಮ್ಮ ಹೆಸರು ಮುಚ್ಚಿದ್ದಕ್ಕೆ ಹೊಟ್ಟೆಯುರಿ ನಿನಗೆ!"

"ನನಗ್ಯಾಕಣ್ಣ ಹೊಟ್ಟೆಯುರಿ? ಆ ಮೋಟರ್ ನಿಮ್ಮ ದೇಶದ್ದೇ. ನಮ್ಮ ಫ್ಯಾಕ್ಟರಿಯಲ್ಲಿ ನಿಮ್ಮ ಹೆಸರನ್ನ ಅರದಿಂದ ಉಜ್ಜಿ ತೆಗೆದು, ಆಮೇಲೆ ಕೂರಿಸ್ತಾರೆ. ನಮ್ಮಲ್ಲೂ ನಿಮ್ಮಂಥವರಿಗೇನು ಬರವಿಲ್ಲ."

ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು. ಅಕ್ಕ ಫೋನ್ ಇಟ್ಟಳು. ಈಗ ಕಷ್ಟ ಎರಡಾಯಿತು. ಸ್ಟಿಕ್ಕರ್ ಇದ್ದರೆ ಬಾವುಟ ಮುಗಿಯುವುದಿಲ್ಲ. ಕಿತ್ತರೆ ಅಧಿಕಾರಿಯ ಕಣ್ಣಿಗೆ ಮೊದಲು ಬೀಳುವುದೇ ಆ ಹೆಸರು.

"ಬಾವುಟ ಕೀಳೋಕೆ ನನ್ನ ಕೈಲಾಗಲ್ಲ," ಅಂದ ಮೈದುನ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಅಕ್ಕನಿಗೆ ಪಾಪ ಅನಿಸಿತು. ತಾನೇ ಉಗುರಿನಿಂದ ಅಂಚು ಬಿಡಿಸಿ, ಹರಿಯದ ಹಾಗೆ ನಿಧಾನ ಎಬ್ಬಿಸಿ, ಬೀರುವಿನ ಬಾಗಿಲಿಗೆ ಅಂಟಿಸಿದಳು. ಅದರ ಹಿಂಬದಿ ಅಂಗೈ ಸುಡುವಷ್ಟು ಬಿಸಿಯಾಗಿತ್ತು.

ಆಮೇಲೆ ಮಿಷನ್ ನಿಲ್ಲಲಿಲ್ಲ. ಅಧಿಕಾರಿ ಬರುವಷ್ಟರಲ್ಲಿ ಮೇಜಿನ ಮೇಲೆ ಬಾವುಟಗಳ ರಾಶಿ ಬಿದ್ದಿತ್ತು. ಅವರು ಒಂದನ್ನು ಎತ್ತಿ ಮೂಲೆ ಜಗ್ಗಿದರು, ಹೊಲಿಗೆ ಸವರಿದರು, ತಲೆಯಾಡಿಸಿದರು. ಮಿಷನ್ ಕಡೆ ತಿರುಗಿದವರು ಹಾಗೇ ನಿಂತರು.

"ಇದು ಅವರದ್ದಲ್ವೇನಮ್ಮ?"

"ಹೌದು ಸಾರ್. ಒಳಗಿನ ಮೋಟರ್ ನಮ್ಮದು. ಹೆಸರು ಮುಚ್ಚಿದರೆ ಮಿಷನ್ ನಿಲ್ತದೆ, ಮುಚ್ಚಿ ನೋಡಿದ್ದೇವೆ. ಮುಚ್ಚಿಕೊಂಡು ನಿಮಗೆ ಸುಳ್ಳು ಹೇಳೋದಕ್ಕಿಂತ ತೆಗೆದು ಬಾವುಟ ಕೊಡೋದು ಒಳ್ಳೇದು ಅನಿಸಿತು."

ಅವರು ಬಾವುಟಗಳ ರಾಶಿ ನೋಡಿದರು, ಹೊಸ ಹೆಂಗಸರಿಬ್ಬರನ್ನು ನೋಡಿದರು. "ಕೆಲಸ ನಿಮ್ಮದೇ, ಮುಗಿಸಿ. ಆದರೆ ನಾನು ಫೋಟೋ ಕಳಿಸಬೇಕು. ಮೇಲಿನವರ ಕಣ್ಣಿಗೆ ಈ ಹೆಸರು ಬಿದ್ದರೆ ನಾಳೆ ನಾನೇ ಬಂದು ನಿಲ್ಲಿಸಬೇಕಾಗ್ತದೆ."

ಯಾರೂ ಹೇಳದೆಯೇ ಮೈದುನ ಮುಂದೆ ಬಂದ. ಶರಟು ಸರಿಮಾಡಿಕೊಂಡು, ಎದೆಯುಬ್ಬಿಸಿ, ಹೆಸರಿಗೆ ಅಡ್ಡ ನಿಂತ. ಅಕ್ಕ ಪೆಡಲ್ ಒತ್ತಿದಳು. ಅಧಿಕಾರಿ ಫೋನ್ ಎತ್ತಿದಾಗ ಮೈದುನ ಒಮ್ಮೆ ಹಿಂದಿರುಗಿ ನೋಡಿ, ತೂತುಗಳಿಗೆ ಬೆನ್ನು ತಾಗದ ಹಾಗೆ ಒಂದು ಗೇಣು ಮುಂದೆ ಸರಿದು ನಿಂತ.