ಬಣ್ಣ ಕಾಯಲು ಹಾಕಿಸಿದ ರಬ್ಬರು

ಜಮಖಂಡಿಯ ವಕೀಲ ಪ್ರಹ್ಲಾದರಾಯರು ಕೊಲ್ಲಾಪುರದ ವ್ಯಾಪಾರಿಯೊಬ್ಬನಿಂದ ಮಾರಿಸ್ ಮೋಟಾರು ಕೊಂಡು ತಂದದ್ದು ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಕೆಲವು ವರ್ಷಗಳ ಮೇಲೆ. ಗಾಡಿ ಹಳೆಯದು, ಬಣ್ಣ ಮಾತ್ರ ಹೊಸದು. ನೇರಳೆ ಹಣ್ಣಿನ ಹಾಗೆ ಮಿರುಗುತ್ತಿತ್ತು. ಇಂಜಿನ್ ಕೆಮ್ಮಿದರೂ ರಾಯರು ಕಿವಿಗೊಡುತ್ತಿರಲಿಲ್ಲ. ಬಣ್ಣದ ಮೇಲೆ ನೊಣ ಕೂತರೆ ಅಂಗಳದಿಂದಲೇ ಕೂಗುತ್ತಿದ್ದರು. ಸಂಧ್ಯಾವಂದನೆಯನ್ನು ಅರ್ಧಂಬರ್ಧ ಮುಗಿಸಿ, ಹಳೆಯ ಧೋತರದ ತುಂಡು ಹಿಡಿದು ಗಾಡಿ ಒರೆಸಲು ನಿಲ್ಲುವರು. ಆಮೇಲೆ ಕೋರ್ಟಿಗೆ ನಡೆದುಕೊಂಡು ಹೋಗುವರು. ಕೋರ್ಟಿನ ರಸ್ತೆಗೆ ಜಲ್ಲಿಕಲ್ಲಿನ ಖಡಿ ಹಾಕಿದ್ದರು. ಕಲ್ಲು ಸಿಡಿದರೆ?

“ಮೋಟಾರು ಬಂತು ಅಂತ ಓಣಿ ತುಂಬ ಹೇಳ್ಯಾರ. ಯಜಮಾನರು ನಡಕೋತ ಹೋಗ್ತಾರ, ಮೋಟಾರು ಮನ್ಯಾಗ ನೆರಳಿಗೆ ಇರ್ತದ,” ಎಂದು ಹೆಂಡತಿ ಕುಮುದಿನಿಬಾಯಿ ನೆರೆಯವರ ಮುಂದೆ ಆಡುತ್ತಿದ್ದಳು. ರಾಯರ ಎದುರಿಗೂ ಅದನ್ನೇ ಆಡುತ್ತಿದ್ದಳು.

ಒಮ್ಮೆ ಸಾವಳಗಿಯ ಕಕ್ಷಿದಾರನೊಬ್ಬ ಮನೆಯ ವಾಸ್ತುಶಾಂತಿಗೆ ಕರೆದ. ಹೆಮ್ಮೆ ತಡೆಯಲಾಗದೆ ರಾಯರು ಗಾಡಿ ತೆಗೆದರು. ಮರಳಿ ಬಂದು ನೋಡಿದರೆ ಹಿಂದಿನ ಮಡಗಾರ್ಡಿನ ಮೇಲೆ ಜೋಳದ ಕಾಳಿನಷ್ಟು ಬಣ್ಣ ಹಾರಿತ್ತು. ಅವತ್ತು ರಾಯರು ಊಟ ಮಾಡಲಿಲ್ಲ. ಅವರ ಸ್ವಂತ ತಾಯಿ ತೀರಿಕೊಂಡಾಗಲೂ ಚಹಾ ಬಿಟ್ಟವರಲ್ಲ, ಅವತ್ತು ಚಹಾವನ್ನೂ ಬಿಟ್ಟರು.

ಕಲ್ಲು ತಡೆಯಲು ಗಾಲಿಗಳ ಹಿಂದೆ ಏನಾದರೂ ಇಳಿಬಿಡಬೇಕೆಂದು ಯಾರೋ ಹೇಳಿದರು. ಆ ಒಂದು ಮಾತಿನ ಮೇಲೆ ರಾಯರು ಕೊಲೆ ಮೊಕದ್ದಮೆಗೂ ಮಾಡದಷ್ಟು ವಿಚಾರ ಮಾಡಿದರು. ಗೋಣಿತಟ್ಟು ಕಟ್ಟಿಸಿದರು, ಅದು ಕೆಸರಿಗೆ ಒದ್ದೆಯಾಗಿ ಗಾಲಿಗೆ ಸುತ್ತಿಕೊಂಡಿತು. ತಗಡು ಬಡಿಸಿದರು, ಅದು ಭಜನೆಯ ತಾಳದಂತೆ ಬಾರಿಸತೊಡಗಿತು. ತೊಗಲು ಆದೀತು ಎಂದವನಿಗೆ, “ಛೀ, ಮಡಿಗೆ ಬರೂದಿಲ್ಲ,” ಎಂದರು. ಹಾಗೆನ್ನುವಾಗ ಅವರ ಕಾಲಲ್ಲಿ ಕೊಲ್ಲಾಪುರಿ ಚಪ್ಪಲಿ ಇದ್ದವು.

ಕೊನೆಗೆ ಲಾರಿ ಟೈರಿನ ರಬ್ಬರೇ ಸೈ ಎಂದಾಯಿತು. ಅದನ್ನು ಹಾಕಲು ಬನಹಟ್ಟಿಯ ಶಿವಯೋಗೆಪ್ಪನನ್ನು ಕರೆಸಿದರು. ಅವನು ಮುಂಬಯಿಯ ಗ್ಯಾರೇಜೊಂದರಲ್ಲಿ ಒಂದು ಮಳೆಗಾಲ ಕಳೆದು ಬಂದವನು. ಮಾತು ಕೇಳಿದರೆ ಮುಂಬಯಿಯನ್ನೇ ಇವನು ಕಟ್ಟಿಸಿರಬೇಕು ಎನಿಸುತ್ತಿತ್ತು.

“ನೆಲಕ್ಕ ಎಷ್ಟು ಅಂತರ ಬಿಡ್ಲಿರಿ, ರಾಯರ?”

“ಅಂತರ ಯಾಕೋ? ಕಲ್ಲು ಬರೂದು ನೆಲದಿಂದನ ಅಲ್ಲೇನು? ನೆಲಕ್ಕ ಹತ್ತುವಂಗ ಹಾಕು.”

“ಖರೆ ಐತ್ರಿ. ಮುಂಬೈದಾಗ ದೊಡ್ಡ ದೊಡ್ಡ ಸಾಹೇಬ್ರೂ ಹಿಂಗ ಹಾಕಸ್ತಾರ್ರಿ.”

ಅಂಥ ಸಾಹೇಬನನ್ನು ಅವನು ಕಂಡಿರಲಿಲ್ಲ. ಒಪ್ಪಿಕೊಂಡರೆ ಕೆಲಸ ಬೇಗ ಮುಗಿಯುತ್ತದೆ ಎಂಬುದಷ್ಟೇ ಅವನು ಮುಂಬಯಿಯಲ್ಲಿ ಕಲಿತು ಬಂದ ವಿದ್ಯೆ. ಬೋಲ್ಟು ಹಾಕಲು ಮಡಗಾರ್ಡಿಗೆ ತೂತು ಕೊರೆಯಬೇಕಾಯಿತು. ಒಂದು ಕಾಳಿನಷ್ಟು ಬಣ್ಣ ಹಾರಿದ್ದಕ್ಕೆ ಉಪವಾಸ ಬಿದ್ದ ಮನುಷ್ಯ, ಬಣ್ಣ ಉಳಿಸಲಿಕ್ಕೆಂದು ಅದೇ ಬಣ್ಣಕ್ಕೆ ಸಾಲಾಗಿ ತೂತು ಹಾಕಿಸಿಕೊಂಡು, ಕಣ್ಣು ಮುಚ್ಚಿ ನಿಂತಿದ್ದ. ಕುಮುದಿನಿಬಾಯಿ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತ ಎಲ್ಲ ನೋಡಿದಳು. ನಗು ಬಂದರೂ ನಗಲಿಲ್ಲ. ಈ ಮನುಷ್ಯನ ಜೊತೆಗೇ ಬಾಳಬೇಕಲ್ಲ ಎಂಬುದು ನೆನಪಾಗಿತ್ತು.

ಮಗಳು ಅಲಕಾಗೆ ಮುಧೋಳದ ಹೆಣ್ಣುಮಕ್ಕಳ ಶಾಲೆಯಿಂದ ಮಾಸ್ತರಿಕೆಯ ಸಂದರ್ಶನಕ್ಕೆ ಕರೆ ಬಂದದ್ದು ಆ ವಾರವೇ. ಹುಡುಗಿ ಟ್ರೇನಿಂಗು ಮುಗಿಸಿ ವರ್ಷವಾಗಿತ್ತು. ಈ ಕೆಲಸ ತಪ್ಪಿದರೆ ಮುಂದೆ ಲಗ್ನದ ಮಾತೇ ಎಂದು ಅವಳಿಗೆ ಗೊತ್ತಿತ್ತು. ಮುಂಜಾನೆಯ ಬಸ್ಸಿಗೆ ಹೋಗುತ್ತೇನೆಂದಳು.

“ವಕೀಲರ ಮಗಳು ಬಸ್ಸಿನ್ಯಾಗಿಂದ ಇಳೀಬೇಕೇನು? ಈಗ ರಬ್ಬರ್ ಹಾಕ್ಸೇನಲ್ಲ, ನಾನೇ ಬಿಡ್ತೀನಿ,” ಎಂದರು ರಾಯರು.

ತಾಯಿ, ಮಗಳು ಹಿಂದೆ ಕೂತರು. ಊರು ದಾಟುತ್ತಲೇ ಖಡಿ ಶುರುವಾಯಿತು. ರಾಯರು ಗಾಡಿಯನ್ನು ಎಷ್ಟು ಮೆಲ್ಲಗೆ ಬಿಟ್ಟರೆಂದರೆ, ಮೇವು ಹೇರಿದ ಚಕ್ಕಡಿಯೊಂದು ಅವರನ್ನು ಹಿಂದೆ ಹಾಕಿ ಹೋಯಿತು. ನಡುನಡುವೆ ನಿಲ್ಲಿಸಿ, ಇಳಿದು, ರಬ್ಬರು ಮುಟ್ಟಿ ನೋಡಿ, “ಒಂದೂ ಕಲ್ಲು ತಾಗಿಲ್ಲ!” ಎಂದು ಮರಳಿ ಹತ್ತುವರು.

“ಅಪ್ಪಾ, ಹೊತ್ತಾಗ್ತದರಿ.” ಅಲಕಾ ಮುಂದಕ್ಕೆ ಬಾಗಿ ಹೇಳಿದಳು.

“ಅವಸರ ಮಾಡಿದ್ರ ಬಣ್ಣ ಹೋಗ್ತದವ್ವಾ.”

ರಸ್ತೆ ದುರಸ್ತಿಯ ಜಾಗದಲ್ಲಿ ಎದುರಿನಿಂದ ಖಡಿ ಹೇರಿದ ಬಂಡಿಗಳ ಸಾಲು ಬಂತು. ನಾಲ್ಕು ಮಾರು ಮುಂದೆ ಹೋಗಿದ್ದರೆ ಬದಿಗೆ ನಿಲ್ಲಲು ಅಗಲ ಜಾಗವಿತ್ತು. ಆದರೆ ಬಂಡಿಯ ಅಚ್ಚು ಬಣ್ಣಕ್ಕೆ ಗೀರಿದರೆ ಎಂದು ರಾಯರು ಹೆದರಿದರು. ಗಾಡಿಯನ್ನು ಹಿಂದಕ್ಕೆ ಬಿಟ್ಟರು, ಅದೂ ಜೋರಾಗಿ.

ನೆಲಕ್ಕೆ ಹತ್ತಿದ್ದ ರಬ್ಬರು ಹಿಂದೆ ಬಂದ ಗಾಲಿಯ ಅಡಿಗೆ ಸಿಕ್ಕಿತು. ಗಾಲಿ ಅದನ್ನು ತುಳಿದು ಎಳೆಯಿತು. ಲಾರಿ ಟೈರಿನ ರಬ್ಬರು ಹರಿಯಲಿಲ್ಲ, ಬೋಲ್ಟು ಬಿಡಲಿಲ್ಲ. ಕಿತ್ತು ಬಂದದ್ದು ಮಡಗಾರ್ಡು. ಕರಕರನೆ ಸದ್ದು ಮಾಡಿ, ನೇರಳೆ ಬಣ್ಣದ ತಗಡು ಸುರುಟಿಕೊಂಡು ಗಾಲಿಗೆ ಕಚ್ಚಿತು. ಗಾಡಿ ನಿಂತೇಬಿಟ್ಟಿತು.

ರಾಯರು ಇಳಿದು ನೋಡಿದರು. ಬಂಡಿಯವರು ಎತ್ತು ಬಿಚ್ಚಿ ಬಂದು ಗಾಡಿಯನ್ನು ಎತ್ತಿ ರಸ್ತೆಯ ಬದಿಗೆ ಇಟ್ಟರು. “ಮೆಲ್ಲಕ! ಬಣ್ಣ! ಬಣ್ಣ!” ಎಂದು ರಾಯರು ಆಗಲೂ ಕೂಗಿದರು.

ಅಷ್ಟರಲ್ಲಿ ಹಿಂದಿನಿಂದ ಹತ್ತಿ ಹೇರಿದ ಲಾರಿ ಬಂತು. ಡ್ರೈವರ್ ಯಮನಪ್ಪ ತಲೆ ಹೊರಗೆ ಹಾಕಿ, “ಏನಾತ್ರಿ?” ಎಂದ.

“ಮುಧೋಳಕ್ಕ ಹೊಂಟೀಯೇನಪಾ?” ಕುಮುದಿನಿಬಾಯಿ ಆಗಲೇ ಮಗಳ ಕೈಹಿಡಿದು ಲಾರಿಯ ಹತ್ತಿರ ನಿಂತಿದ್ದಳು.

“ಹೂಂನ್ರಿ ಅವ್ವಾರ. ಹತ್ರಿ.”

“ಲಾರ್ಯಾಗ ಹೋಗ್ತೀರೇನು? ಮಂದಿ ನೋಡಿದ್ರ ಏನಂದಾರು?” ರಾಯರು ಓಡಿ ಬಂದರು.

“ಮಂದಿಗೆ ನೋಡ್ಲಿಕ್ಕೆ ನಿಮ್ಮ ಗಾಡಿ ಅದ. ನಮ್ಮನ್ನ್ಯಾರು ನೋಡ್ತಾರ?” ಎಂದು ಕುಮುದಿನಿಬಾಯಿ ಸೆರಗು ಬಿಗಿದು ಹತ್ತಿ ಕೂತಳು.

ಅಲಕಾ ತಲುಪಿದಾಗ ಉಳಿದವರ ಸಂದರ್ಶನ ಮುಗಿದಿತ್ತು. ತಲೆಯಲ್ಲಿ ಹತ್ತಿಯ ಎಳೆ, ಸೀರೆ ತುಂಬ ಧೂಳು. ಸಮಿತಿಯ ಹಿರಿಯರೊಬ್ಬರು ಕನ್ನಡಕದ ಮೇಲಿಂದ ನೋಡಿ, “ಇಷ್ಟ್ಯಾಕ ತಡ?” ಎಂದರು.

ದಾರಿಯುದ್ದಕ್ಕೂ ಸುಳ್ಳೊಂದನ್ನು ಹೊಂದಿಸುತ್ತಿದ್ದ ಅಲಕಾ, ಸಿಟ್ಟಿನಲ್ಲಿ ನಿಜವನ್ನೇ ಹೇಳಿಬಿಟ್ಟಳು. “ಬಸ್ಸಿಗೆ ಬಂದಿದ್ರ ಹೊತ್ತಿಗೆ ಸರಿಯಾಗಿ ಬರ್ತಿದ್ದೆರಿ. ನಮ್ಮಪ್ಪನ ಮೋಟಾರಿನ್ಯಾಗ ಬಂದೆ.”

ಅವರು ನಕ್ಕರು, ಕೂರಿಸಿ ಪಾಠ ಹೇಳಿಸಿದರು. ಅವಳು ಚೆನ್ನಾಗಿ ಹೇಳಿದಳು. ಕೆಲಸ ಸಿಕ್ಕಿತು.

ರಾಯರ ಮೋಟಾರನ್ನು ಸಂಜೆ ಎರಡೆತ್ತು ಎಳೆದು ತಂದವು. ಮರುದಿನ ಶಿವಯೋಗೆಪ್ಪ ಬಂದ. “ನೀವ ಅಂದ್ರಲ್ರಿ, ನೆಲಕ್ಕ ಹತ್ತುವಂಗ ಅಂತ?” ಎಂದು ಅವನು, “ಮುಂಬೈದಾಗ ಹಾಕಸ್ತಾರ ಅಂದಾಂವ ನೀನಲ್ಲೇನೋ?” ಎಂದು ಇವರು, ಇಬ್ಬರೂ ಅಂಗಳದಲ್ಲಿ ಕೋಳಿಗಳ ಹಾಗೆ ಬಹಳ ಹೊತ್ತು ಕೂಗಾಡಿದರು. ಯಾರು ಗೆದ್ದರೆಂದು ಓಣಿಯವರಿಗೆ ತಿಳಿಯಲಿಲ್ಲ. ಮಡಗಾರ್ಡು ಬಡಿದು ನೆಟ್ಟಗೆ ಮಾಡಿ ಬಣ್ಣ ಹಚ್ಚಲು ಕೊನೆಗೆ ಅವನೇ ಕೂತ. ಹೊಸ ಬಣ್ಣ ಹಳೆಯದರ ಜೊತೆ ಕೂಡಲಿಲ್ಲ. ಒಂದು ನೇರಳೆಯಾದರೆ ಇನ್ನೊಂದು ಬದನೆಕಾಯಿ.

ಅಲಕಾ ಟ್ರಂಕು ಹಿಡಿದು ಮುಧೋಳಕ್ಕೆ ಹೊರಟ ದಿನ ಕುಮುದಿನಿಬಾಯಿಯೂ ಸೀರೆಗಳ ಗಂಟು ಎತ್ತಿಕೊಂಡಳು.

“ನೀ ಎಲ್ಲಿಗೆ?” ಎಂದರು ರಾಯರು.

“ಅಕಿಗೆ ಮನಿ ಹಚ್ಚಿ ಕೊಡ್ಲಿಕ್ಕೆ.”

“ಯಾವಾಗ ಬರ್ತಿ?”

“ನಮ್ಮನ್ನ ಕೇಳೂದು ಇವತ್ತರೆ ನೆನಪಾತಲ್ಲ,” ಎಂದು ಅವಳು ಹೊಸ್ತಿಲು ದಾಟಿದಳು. ಅಲಕಾ ಬಾಗಿ ತಂದೆಯ ಕಾಲು ಮುಟ್ಟಿದಳು. ಮಗಳಿಗೆ ಏನೋ ಹೇಳಬೇಕೆಂದು ರಾಯರು ಬಾಯಿ ತೆರೆದರು, ಅಷ್ಟರಲ್ಲಿ ಅಂಗಳದಲ್ಲಿ ಇನ್ನೂ ಮಡಗಾರ್ಡಿನ ಮುಂದೆ ಕೂತಿದ್ದ ಶಿವಯೋಗೆಪ್ಪ ಬಣ್ಣದ ಡಬ್ಬಿ ಎತ್ತಿ, “ಇನ್ನೊಂದು ಕೈ ಹಚ್ಚಲೇನ್ರಿ?” ಎಂದ. ರಾಯರು ಅತ್ತ ತಿರುಗಿದರು.