ಗಾಲಿಯಡಿಯ ಜಾಲಿ ತುಂಡು

ನಾನೊಂದು ಜಾಲಿ ಕಟ್ಟಿಗೆಯ ತುಂಡು. ನನ್ನನ್ನು ಹುಟ್ಟಿಸಿದ್ದು ಅಂಜಿಕೆ. ಸಂಡೂರಿನ ಗುಡ್ಡಗಳಲ್ಲಿ ಅದಿರು ಲಾರಿ ಓಡಿಸುತ್ತಿದ್ದ ಓಬಳೇಶ, ಹ್ಯಾಂಡ್‌ಬ್ರೇಕ್ ಕೆಟ್ಟ ದಿನ ನನ್ನನ್ನು ಕೊಡಲಿಯಿಂದ ಓರೆಯಾಗಿ ಕೆತ್ತಿದ. ಲಾರಿ ನಿಂತಲ್ಲೆಲ್ಲ ಗಾಲಿಯ ಕೆಳಗೆ ಒದ್ದು ಕೂರಿಸುತ್ತಿದ್ದ. ಅಬ್ಬಬ್ಬಾ, ಆ ಭಾರ! ನನಗಿಂತ ಅವನಿಗೇ ಪುಕುಪುಕು. ಚಹಾ ಕುಡಿಯುವಾಗಲೂ ಅವನ ಕಣ್ಣು ನನ್ನ ಮೇಲೇ. ಬ್ರೇಕ್ ಮಾಡಿಸಿಕೊಡಿ ಎಂದು ಲಾರಿಯ ಸಾವ್ಕಾರನನ್ನು ಕೇಳಿ ಕೇಳಿ ಅವನ ಬಾಯಿ ಸೋತಿತ್ತು. ಹಬ್ಬ ಮುಗಿಯಲಿ, ನೋಡೋಣ ಎನ್ನುತ್ತಿದ್ದ ಆ ಪುಣ್ಯಾತ್ಮ.

ಹಬ್ಬ ಬಂತು, ಆಯುಧಪೂಜೆ. ಹುಲಿಗೆಮ್ಮನ ಚಹಾದಂಗಡಿ ಮುಂದಿನ ಇಳಿಜಾರಿನಲ್ಲಿ ಲಾರಿಗೆ ಬಾಳೆಕಂದು, ಚೆಂಡುಹೂವು ಕಟ್ಟಿದರು. ಜಾಕು, ನಟ್ಟು ಬಿಚ್ಚುವ ಪಾನಾಗಳನ್ನು ತೊಳೆದು ಪಕ್ಕದಲ್ಲಿ ಜೋಡಿಸಿದ ಓಬಳೇಶನಿಗೆ ನನ್ನ ನೆನಪಾಯಿತು. ವರ್ಷವಿಡೀ ಜೀವ ಕಾಯ್ದದ್ದೇ ಇದು, ಇದಕ್ಕೆ ಪೂಜೆ ಇಲ್ಲದಿದ್ದರೆ ಹೇಗೆ ಎಂದುಕೊಂಡ. ಲಾರಿ ಗೇರಿನಲ್ಲಿದೆ, ಒಂದು ಗಳಿಗೆಗೆ ಏನಾದೀತು ಎಂದು ನನ್ನನ್ನು ಗಾಲಿಯಡಿಯಿಂದ ಎಳೆದು ವಿಭೂತಿ ಬಳಿದ. ಬ್ಯಾಡೋ ಮಾರಾಯ ಎಂದು ಒದರಬೇಕೆನಿಸಿತು ನನಗೆ. ಕಟ್ಟಿಗೆಗೆ ಬಾಯೆಲ್ಲಿಂದ ಬರಬೇಕು? ಕರ್ಪೂರ ಹಚ್ಚುವಷ್ಟರಲ್ಲಿ ಗೇರು ಜಾರಿತು, ಲಾರಿ ತಾನಾಗೇ ಕೆಳಕ್ಕೆ ಓಡಿತು. ಮುಂದೆ ಕೈಮುಗಿದು ನಿಂತಿದ್ದ ಹುಲಿಗೆಮ್ಮನ ಜೀವ ಉಳಿಯಿತು, ಬಲಗಾಲು ಉಳಿಯಲಿಲ್ಲ.

ಪೊಲೀಸರು ವಿಭೂತಿ ಸಮೇತ ನನಗೆ ಚೀಟಿ ಕಟ್ಟಿ ಕೇಸಿನ ಮುದ್ದೆಮಾಲು, ಅಂದರೆ ಸಾಕ್ಷಿಯ ಸಾಮಾನು, ಮಾಡಿದರು. ಜನರ ಜೀವಕ್ಕೆ ಕುತ್ತು ತಂದನೆಂದು ಕೆಳಗಿನ ಕೋರ್ಟು ಓಬಳೇಶನಿಗೆ ದಂಡ ಹಾಕಿ, ಸಂಜೆ ಕೋರ್ಟು ಏಳುವತನಕ ಕೂರಿಸಿ ಬಿಟ್ಟಿತು. ಈ ಶಿಕ್ಷೆ ಸಾಲದು, ಜೈಲೇ ಆಗಬೇಕೆಂದು ಸರ್ಕಾರ ಜಿಲ್ಲಾ ಕೋರ್ಟಿಗೆ ಅಪೀಲು ಹೋಯಿತು. ಬ್ರೇಕ್ ಕೆಟ್ಟದ್ದು ತನಗೆ ಗೊತ್ತೇ ಇರಲಿಲ್ಲವೆಂದು ಸಾವ್ಕಾರ ಮೊದಲೇ ಕೈತೊಳೆದುಕೊಂಡಿದ್ದ.

ಓಬಳೇಶನ ವಕೀಲರು ನನ್ನನ್ನು ಎತ್ತಿ ಹಿಡಿದು, ಹೊಣೆಗೇಡಿಯಾದವನು ಇಂಥದ್ದನ್ನು ಕೆತ್ತಿ ಇಟ್ಟುಕೊಳ್ಳುತ್ತಾನೆಯೇ ಎಂದರು. ಉಬ್ಬಿಹೋದೆ. ಸರ್ಕಾರಿ ವಕೀಲರೂ ನನ್ನನ್ನೇ ಎತ್ತಿದರು. ಬ್ರೇಕ್ ಹಿಡಿಯದೆಂದು ಇವನಿಗೆ ಗೊತ್ತಿತ್ತು ಎಂಬುದಕ್ಕೆ ಇದೇ ಸಾಕ್ಷಿ, ಗೊತ್ತಿದ್ದೂ ಇದನ್ನು ತೆಗೆದ ಎಂದರು. ನನ್ನ ಜೀವ ಹಾರಿಹೋಯಿತು. ಅವನನ್ನು ಕಾಯಲೆಂದು ಹುಟ್ಟಿದವನು ನಾನು!

ಶಿಕ್ಷೆಯ ಬಗ್ಗೆ ಏನಾದರೂ ಹೇಳುವುದಿದೆಯೇ ಎಂದು ಜಡ್ಜ್ ಸಾಹೇಬರು ಕೇಳಿದರು. ಮಕ್ಕಳೊಂದಿಗನೆಂದು ಕೈಮುಗಿ, ಬೇರೇನೂ ಆಡಬೇಡ ಎಂದು ವಕೀಲರು ಹೇಳಿಕೊಟ್ಟಿದ್ದರು. ಊರುಗೋಲು ಹಿಡಿದು ಕೂತಿದ್ದ ಹುಲಿಗೆಮ್ಮನನ್ನು ಓಬಳೇಶ ನೋಡಿದ.

"ಗೊತ್ತಿತ್ರೀ ಸ್ವಾಮಿ. ದಿನಾ ಅಂಜಿಕೋತನೇ ಓಡಿಸ್ತಿದ್ದೆ."

ಒಂದು ವರ್ಷ ಜೈಲಾಯಿತು. ಹುಲಿಗೆಮ್ಮ ಸೆರಗನ್ನು ಮುಖಕ್ಕೆ ಎಳೆದುಕೊಂಡಳು.

ಈಗ ನಾನು ಕೋರ್ಟಿನ ಉಗ್ರಾಣದ ಮೂಲೆಯಲ್ಲಿದ್ದೇನೆ. ಗೆದ್ದಲು ಹಿಡಿದಿದೆ, ಇನ್ನೆಷ್ಟು ದಿನವೋ. ಮೊನ್ನೆ ಬಾಗಿಲ ಬಳಿ ಪೊಲೀಸರು ಮಾತಾಡಿಕೊಳ್ಳುತ್ತಿದ್ದರು. ಆ ಲಾರಿಯನ್ನು ಸಾವ್ಕಾರ ಬಿಡಿಸಿಕೊಂಡು ಮತ್ತೆ ಗುಡ್ಡಕ್ಕೆ ಬಿಟ್ಟಿದ್ದಾನೆ, ಬ್ರೇಕಂತೂ ಹಾಗೇ ಇದೆ. ಹೊಸ ಡ್ರೈವರ್ ಮಾತ್ರ ಗಾಲಿಗೆ ಏನನ್ನೂ ಅಡ್ಡ ಕೊಡುವುದಿಲ್ಲವಂತೆ. ಕೊಟ್ಟರೆ ನಾಳೆ ಅದೇ ಸಾಕ್ಷಿಯಾಗುತ್ತದೆ ಎಂದು ಸಾವ್ಕಾರ ಬುದ್ಧಿ ಹೇಳಿದ್ದಾನಂತೆ.