ಹೂಳಿನಲ್ಲಿ ಎಣಿಸಿದ ವರ್ಷಗಳು

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದವನು ಅವನು. ಏಳನೆಯ ತರಗತಿಗೇ ಶಾಲೆಗೆ ದೊಡ್ಡ ನಮಸ್ಕಾರ ಹಾಕಿ, ಈಗ ಸರೋವರದ ಹೂಳು ಪರೀಕ್ಷಿಸುವ ಕಚೇರಿಯಲ್ಲಿ ಕೊಳವೆ ಸೀಳುವ ಕೆಲಸಕ್ಕಿದ್ದ. ತಳಕ್ಕೆ ಉದ್ದನೆಯ ಕೊಳವೆ ಇಳಿಸಿ ಎಳೆದರೆ ಹೂಳು ಪದರ ಪದರವಾಗಿ ಮೇಲೆ ಬರುತ್ತದೆ. ನೀರು ಹರಿದು ಬರುವ ಕಾಲಕ್ಕೆ ಬಿಳಿ ಗೆರೆ, ನಿಂತ ಕಾಲಕ್ಕೆ ಕಪ್ಪು ಗೆರೆ. ಎರಡೂ ಸೇರಿದರೆ ಒಂದು ವರ್ಷ. ಭೂತಗನ್ನಡಿ ಹಿಡಿದು, ನೂರಕ್ಕೊಂದು ಗುಂಡುಸೂಜಿ ಚುಚ್ಚಿ ಎಣಿಸಿದ್ದ. ಹನ್ನೊಂದು ಸಾವಿರ. ಓದಿದವರು ಹೇಳಿದರೆಂದು ನಂಬಿದ್ದಲ್ಲ, ಕಣ್ಣಲ್ಲಿ ನೀರು ಬರುವ ತನಕ ತಾನೇ ಎಣಿಸಿದ್ದು.

ಅದನ್ನು ಹೋದ ಭಾನುವಾರ ಚರ್ಚಿನ ಸಭೆಯ ಮಕ್ಕಳಿಗೆ ಹೇಳಿಬಿಟ್ಟ. ರಗಳೆ ಶುರುವಾಯಿತು. ಆ ಸಭೆಯ ಬೋಧಕರು ಬೇರೆ ಯಾರೂ ಅಲ್ಲ, ಅಕ್ಕನ ಗಂಡ. ಸತ್ಯವೇದದಲ್ಲಿ ಯಾವ ತಂದೆಗೆ ಎಷ್ಟನೆಯ ವಯಸ್ಸಿನಲ್ಲಿ ಮಗ ಹುಟ್ಟಿದನೆಂದು ಕೂಡಿಸುತ್ತಾ ಹೋಗಿ, ಲೋಕದ ವಯಸ್ಸು ಆರು ಸಾವಿರ ಚಿಲ್ಲರೆ ಎಂದು ಮೂವತ್ತು ವರ್ಷದಿಂದ ಬೋಧಿಸಿಕೊಂಡು ಬಂದವರು.

"ಬರೋ ಭಾನುವಾರ ಎದ್ದು ನಿಂತು ತಪ್ಪಾಯ್ತು ಅನ್ನು. ಇಲ್ಲಾಂದ್ರೆ ಸಭೆಯ ಪಟ್ಟಿಯಿಂದ ನಿನ್ನ ಹೆಸರು ಹೊಡೆದುಹಾಕ್ತೀನಿ."

"ಮೊದಲು ಬಂದು ನೀವೇ ಎಣಿಸಿ ಬಾವ. ಆಮೇಲೆ ಹೊಡೀರಿ."

"ಎತ್ತು ಏರಿಗೆ, ಕೋಣ ನೀರಿಗೆ," ಎಂದಳು ಅಕ್ಕ. "ಮಧ್ಯೆ ಸವೆಯೋ ನೊಗ ನಾನು."

ಶನಿವಾರ ಬಾವ ನಿಜಕ್ಕೂ ಕಚೇರಿಗೆ ಬಂದರು. ಅಂಗಿಯ ತೋಳು ಮಡಚಿ, ಕನ್ನಡಕ ಒರೆಸಿ ಮೇಜಿಗೆ ಬಗ್ಗಿದರು. ಅವನಿಗೆ ಕೂರಲಾಗಲಿಲ್ಲ. ಕಿಟಕಿಗೆ ಹೋದ, ಬಾಗಿಲಿಗೆ ಬಂದ, ಒರೆಸಿದ ಗರಗಸವನ್ನೇ ಮತ್ತೆ ಒರೆಸಿದ.

"ತೊಂಬತ್ತೆಂಟು," ಎಂದರು ಬಾವ. "ಈ ಎರಡು ಸೂಜಿ ಮಧ್ಯೆ ನೀನು ನೂರು ಅಂದಿದ್ದೀಯ. ನೋಡು, ಇಲ್ಲಿ ಕಪ್ಪು ಗೆರೆ ಪೂರ್ತಿ ಇಲ್ಲ. ಒಂದೇ ವರ್ಷಾನ ಎರಡು ಮಾಡಿದ್ದೀಯ. ಇಲ್ಲೂ ಅಷ್ಟೇ."

ನೋಡಿದ. ಹೌದು. "ಸರಿ, ನೂರಕ್ಕೆ ಎರಡು ಕಳೀರಿ. ಹನ್ನೊಂದು ಸಾವಿರಕ್ಕೆ ಇನ್ನೂರಿಪ್ಪತ್ತು ಹೋಯ್ತು. ಮಿಕ್ಕಿದ್ದನ್ನ ಎಲ್ಲಿ ಬಚ್ಚಿಡ್ತೀರಿ?"

ಬಾವ ಎರಡನೆಯ ಕೊಳವೆ ಎಳೆದುಕೊಂಡರು. ಮಧ್ಯಾಹ್ನ ಕಳೆಯಿತು. ತಲೆ ಎತ್ತದೆಯೇ ಕೇಳಿದರು: "ದೇವರು ಹೂಳನ್ನ ಗೆರೆ ಸಮೇತ ಉಂಟುಮಾಡಿರಬಾರದಾ?"

"ಇಲ್ಲದ ವರ್ಷಕ್ಕೆ ಗೆರೆ ಎಳೆದು ನಮ್ಮನ್ನ ಏಮಾರಿಸೋನಾ ನಿಮ್ಮ ದೇವರು?"

"ನಿನ್ನ ದೇವರಲ್ಲವೇನೋ?"

"ನನ್ನವನೂ ಹೌದು. ಅದಕ್ಕೇ ಹೊಟ್ಟೆ ಉರಿಯೋದು."

ಬಾವ ಭೂತಗನ್ನಡಿ ಕೆಳಗಿಟ್ಟರು. "ನಾಳೆ ನೀನು ಎದ್ದು ನಿಲ್ಲೋದು ಬೇಡ," ಎಂದಷ್ಟೇ ಹೇಳಿ ಹೊರಟರು. ಗೆದ್ದೆ ಅಂದುಕೊಂಡ. ಆದರೂ ರಾತ್ರಿಯೆಲ್ಲ ಹಾಸಿಗೆ ಮುಳ್ಳಾಯಿತು.

ಭಾನುವಾರ ಬೋಧನೆ ಶುರುಮಾಡುವ ಮೊದಲು ಬಾವ ಪೀಠದ ಹಿಂದೆ ನಿಂತು ಸಭೆಗೆ ಹೇಳಿದರು: "ನನ್ನ ಭಾಮೈದ ನನ್ನ ಹತ್ತಿರ ಮಾತಾಡಿದ್ದಾನೆ. ಆ ವಿಷಯ ಅಲ್ಲಿಗೆ ಮುಗೀತು."

ಸಭೆಯೆಲ್ಲ ಹಗುರವಾಗಿ ಉಸಿರುಬಿಟ್ಟಿತು. ಹಿಂದೆ ಕೂತಿದ್ದ ಬಡಗಿ ಬೆನ್ನು ತಟ್ಟಿ, "ತಪ್ಪು ಒಪ್ಪಿಕೊಂಡೆಯಲ್ಲ ಮಾರಾಯ, ಒಳ್ಳೇದಾಯ್ತು," ಎಂದು ಪಿಸುಗುಟ್ಟಿದ. ಒಬ್ಬ ಅಜ್ಜಿ ಅವನ ಕೈ ಹಿಡಿದು ಒತ್ತಿದಳು. ಆ ಕೈಯ ಬಿಸಿಯನ್ನು ಅವನಿಂದ ತಾಳಲಾಗಲಿಲ್ಲ. ಸುಮ್ಮನೆ ಕೂತಿದ್ದರೆ ಹೆಸರು ಉಳಿಯುತ್ತಿತ್ತು, ಅಕ್ಕನ ಮನೆಯ ಅನ್ನವೂ ಉಳಿಯುತ್ತಿತ್ತು. ಎದ್ದು ನಿಂತ.

"ನಾನು ತಪ್ಪಾಯ್ತು ಅಂದಿಲ್ಲ. ನೂರಕ್ಕೆ ಎರಡು ತಪ್ಪು ಎಣಿಸಿದ್ದೆ, ಅದನ್ನ ಒಪ್ಪಿದೆ. ಅಷ್ಟೇ. ಬಾವನೂ ನಿನ್ನೆ ಎಣಿಸಿದಾರೆ, ಅವರನ್ನೇ ಕೇಳಿ."

ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಎಲ್ಲರ ಕುತ್ತಿಗೆಯೂ ಬೋಧಕರ ಕಡೆ ತಿರುಗಿತು. ಬಾವ ಪೀಠದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಸುಳ್ಳು ಹೇಳಲು ಅದಕ್ಕಿಂತ ಸಲೀಸಾದ ಗಳಿಗೆ ಅವರಿಗೆ ಇನ್ನೊಂದು ಸಿಗುತ್ತಿರಲಿಲ್ಲ.

"ಎಣಿಸಿದೆ," ಎಂದರು. "ಆರು ಸಾವಿರ ದಾಟುತ್ತೆ. ಹೇಗೆ ಅಂತ ನನಗೆ ಗೊತ್ತಿಲ್ಲ."

ಪಟ್ಟಿ ಇಟ್ಟುಕೊಂಡಿದ್ದ ಸಭೆಯ ಹಿರಿಯರೊಬ್ಬರು ಪೆನ್ನು ಎತ್ತಿಕೊಂಡು, "ಹಾಗಾದ್ರೆ ಇವನ ಹೆಸರು?" ಎಂದರು.

"ಇರಲಿ," ಎಂದರು ಬಾವ. "ನನ್ನ ಹೆಸರನ್ನ ಏನು ಮಾಡೋದು, ಅದನ್ನ ನೀವು ಹಿರಿಯರು ಕೂತು ಮಾತಾಡಿ."